ಗೋಮಾಳದ ಆಫ್ರಿಕಾ ಹುಲ್ಲು

ಹುಲ್ಲು ಬೆಳೆಸೋ ನೌಕರಿಯಲ್ಲಿ ನಗೋಕೇನಿದೆ ಅಂತ ಶೆಟ್ಟಿಹಳ್ಳಿಯ ನಮ್ಮ ಅಕ್ಕಪಕ್ಕದವರು ಕೇಳ್ತಾರೆ. ಬೆಳಿಗ್ಗೆ ಬೈಕ್ ಹತ್ತಿ ಗುಬ್ಬಿ ಕಡೆ ಗೋಮಾಳಕ್ಕೆ ಹೋದ್ರೆ ಸಾಕು, ಸಂಜೆ ಹೊತ್ತಿಗೆ ಒಂದಲ್ಲ ಒಂದು ಪ್ರಸಂಗ ನನ್ನ ಹೆಗಲೇರಿರ್ತದೆ.

ಕಳೆ

ಕಡಿಮೆ ಮಳೆಗೂ ಬದುಕೋ ಆಫ್ರಿಕಾದ ಹುಲ್ಲು ಅಂತ ಬೀಜ ಕೊಟ್ಟು, ಗೋಮಾಳದ ಒಂದು ಮೂಲೆಗೆ ಬೇಲಿ ಹಾಕ್ಸಿ, ನಮ್ಮ ಸಾಹೇಬರು ಮೊದಲೇ ಹೇಳಿದ್ರು: ಬೇಸಿಗೆ ದಾಟಿ ಮತ್ತೆ ಚಿಗುರಿದ್ರೆ ಇಡೀ ಗೋಮಾಳಕ್ಕೆ ಬೀಜ, ಇಲ್ದಿದ್ರೆ ಬೇಲಿ ಕಿತ್ಕೊಂಡು ಬಾ.

ಮುಂಗಾರಿಗೆ ಸಾಲುಸಾಲಾಗಿ ಮೊಳೀತು. ಕಳೆ ತೆಗೆಯೋಕೆ ಊರ ಹೆಂಗಸರನ್ನ ಕರೆದೆ. ರಾಗಿ ಹೊಲದಲ್ಲಿ ಪಳಗಿದ ಕೈಗಳು ಕೇಳ್ಬೇಕೆ. ನಾನು ಟೀ ಕುಡಿದು ಬರೋಷ್ಟರಲ್ಲಿ ಅರ್ಧ ಜಾಗ ನುಣ್ಣಗೆ, ನನ್ನ ಆಫ್ರಿಕಾ ಬದುವಿನ ಮೇಲೆ ಗುಡ್ಡೆ. ಅವರ ಮುಂದಾಳು ಅಜ್ಜಿ ಸೊಂಟ ನೆಟ್ಟಗೆ ಮಾಡ್ಕೊಂಡು ಕೇಳಿದ್ಲು: "ಹುಲ್ಲೆಲ್ಲಾ ಕಿತ್ತಿದೀವಿ ಸ್ವಾಮಿ. ಇನ್ನು ಬೆಳೆ ಯಾವಾಗ ಹಾಕ್ತೀರಿ?"

ನಿದ್ದೆ

ಉಳಿದರ್ಧ ಶಿವರಾತ್ರಿ ಕಳೆಯೋದ್ರೊಳಗೆ ಒಣಗಿ ಕಡ್ಡಿ ಆಯ್ತು. ಸತ್ತಿಲ್ಲ, ಬುಡದಲ್ಲಿ ಜೀವ ಇದೆ, ಮಳೆ ಬರೋ ತನಕ ನಿದ್ದೆ ಮಾಡ್ತದೆ ಅಂತ ಟೀ ಅಂಗಡಿ ಮುಂದೆ ನಿಂತು ಎಲ್ಲರಿಗೂ ಬಿಡಿಸಿ ಹೇಳಿದೆ. ಹೇಳೋವಾಗ ನನಗೇ ಪೂರ್ತಿ ನಂಬಿಕೆ ಇರ್ಲಿಲ್ಲ, ಸುಳ್ಯಾಕೆ.

ಅಂಗಡಿಯವನು ಲೋಟ ತೊಳೀತಾ ತುಂಬಾ ಗಂಭೀರವಾಗಿ ಅಂದ: "ಮಲಗಿರ್ಲಿ ಬುಡಿ ಸಾ. ಏಳ್ದಿದ್ರೆ ಹನ್ನೊಂದನೇ ದಿನಕ್ಕೆ ಹೇಳ್ಕಳ್ಸಿ, ಊಟಕ್ಕೆ ಬರ್ತೀವಿ."

ಚಪ್ಪರ

ಅಶ್ವಿನಿ ಮಳೆ ಕೈಕೊಡ್ತು. ಭರಣಿ ಬಂದ್ರೆ ಧರಣಿ ಬೆಳೆ ಅಂತಾರಲ್ಲ, ಆ ಭರಣಿ ನನ್ನ ಮಾನ ಉಳಿಸ್ತು. ಕಡ್ಡಿ ಬುಡದಿಂದ ಹಸಿರು ಎದ್ದು, ಕೃತ್ತಿಕೆ ಹೊತ್ತಿಗೆ ಮೊಣಕಾಲುದ್ದ. ಕುಣಿದಾಡಿಬಿಟ್ಟೆ. ಸಾಹೇಬರಿಗೆ ಫೋನ್ ಮಾಡಿ ಬಂದು ನೋಡಿ ಅಂದೆ. ಊರಿನವರಿಗೂ, ದೊಡ್ಡೋರು ಬರ್ತಾವ್ರೆ, ಮರ್ಯಾದೆ ಚೆನ್ನಾಗಿರ್ಲಿ ಅಂದೆ. ಅಲ್ಲೇ ಕೆಟ್ಟಿದ್ದು.

ಸಾಹೇಬರ ಜೀಪಿನಲ್ಲೇ ನಾನೂ ಬಂದಿಳಿದೆ. ಗೋಮಾಳದಲ್ಲಿ ದಟ್ಟ ಹಸಿರು ಚಪ್ಪರ, ಕೆಳಗೆ ಕುರ್ಚಿ, ಹಾರ, ಎಳನೀರು. ಇಷ್ಟು ತಂಪು ಚಪ್ಪರ ನೋಡೇ ಇಲ್ಲ ಅಂತ ಸಾಹೇಬರು ಹೊಗಳಿದ್ದೇ ಹೊಗಳಿದ್ದು. ಎಳನೀರು ಮುಗಿಸಿ ಬಾಯಿ ಒರೆಸ್ಕೊಂಡು, "ಎಲ್ರೀ ನಿಮ್ಮ ಹುಲ್ಲು?" ಅಂದ್ರು.

ಬೇಲಿ ಕಡೆ ತಿರುಗಿದೆ. ಬರೀ ಕೂಳೆ. ಅಜ್ಜಿ ಹೆಮ್ಮೆಯಿಂದ ಚಪ್ಪರದ ಮೇಲಕ್ಕೆ ಕೈ ತೋರಿಸಿದ್ಲು. "ತೆಂಗಿನ ಗರಿ ಎಲ್ಲಾರೂ ಹೊದುಸ್ತಾರೆ. ನಿಮ್ ಸಾಹೇಬ್ರಿಗೆ ನಿಮ್ ಹುಲ್ಲೇ ಇರ್ಲಿ ಅಂತ ಒಂದೆಳೆ ಬುಡದಂಗೆ ಕುಯ್ದು ಹೊದ್ಸಿದೀವಿ ಸ್ವಾಮಿ."

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಅಷ್ಟರಲ್ಲಿ ಅಜ್ಜಿಯ ಹಸು ಹಿಂದಿನಿಂದ ಬಂದು ಚಪ್ಪರದ ಮೂಲೆಗೆ ಬಾಯಿ ಹಾಕಿ ಎಳೀತು. ಅರ್ಧ ಆಫ್ರಿಕಾ ಸಾಹೇಬರ ತಲೆ ಮೇಲೆ ಬಿತ್ತು. ಹಸು ಅವರ ಹೆಗಲ ಮೇಲಿಂದಲೇ ಆರಿಸ್ಕೊಂಡು ಮೇಯೋಕೆ ಶುರು ಮಾಡ್ತು.

ಸಾಹೇಬರು ಕಿವಿಯಿಂದ ಒಂದೆಳೆ ತೆಗೆದು, ಕೂಳೆ ನೋಡಿ, ಹಸು ನೋಡಿ, ಕೊನೆಗೆ ನನ್ನ ನೋಡಿದ್ರು.

"ಬರ ತಡ್ಕೊಂಡಿದೆ, ದನಾನೂ ತಿಂತದೆ. ಇಡೀ ಗೋಮಾಳಕ್ಕೆ ಬೀಜ ಕೊಡ್ತೀನಿ ಕಣ್ರೀ. ಆದ್ರೆ ಮುಂದಿನ ಸಲ ನಾನು ಬರೋದು ಮಾತ್ರ ಇವರಿಗೆ ಹೇಳ್ಬೇಡಿ."