ಅರವತ್ನಾಲ್ಕು ಚುಕ್ಕಿಯ ರಂಗೋಲಿ

ಗಣಿತ ಬಲ್ಲವನು ರಂಗೋಲಿಯಲ್ಲಿ ಸೋಲುವುದು ಸಾಧ್ಯವೇ? ಸಾಧ್ಯವೇ ಇಲ್ಲ ಎಂದು ಆ ಶುಕ್ರವಾರದ ನಸುಕಿನವರೆಗೆ ನಾನು ದೃಢವಾಗಿ ನಂಬಿದ್ದೆ. ಕುಷ್ಟಗಿಯಲ್ಲಿ ಹನ್ನೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದವನು ನಾನು. ಚುಕ್ಕಿ ಎಂದರೆ ಬಿಂದು. ಬಿಂದುಗಳು ಸೇರಿದರೆ ರೇಖೆ. ರೇಖೆಗಳು ಸೇರಿದರೆ ಆಕೃತಿ. ಇದರಲ್ಲಿ ಹೆದರುವಂಥದ್ದು ಏನಿದೆ? ಮೇಲಾಗಿ ನನ್ನ ಹತ್ತಿರ ಕಂಪ್ಯೂಟರ್ ಇತ್ತು!

ಎಂಬತ್ತರ ದಶಕ ಮುಗಿಯಲು ಬಂದಿತ್ತು. ನಮ್ಮ ಓಣಿಯಲ್ಲಿ ಟೀವಿ ಇದ್ದದ್ದೇ ನಮ್ಮ ಮನೆಯಲ್ಲೊಂದು. ಎದುರು ಮನೆಯ ಖಾಜಾಬಿಯ ಮಗ ಮಹಬೂಬ ದುಬೈಯಿಂದ ರಜೆಗೆ ಬಂದಾಗ, ಮಕ್ಕಳು ಬರೆಯುವ ಪಾಟಿಯಷ್ಟು ಅಗಲದ, ಮೈತುಂಬ ಗುಂಡಿಗಳಿದ್ದ ಒಂದು ಕಪ್ಪು ಹಲಗೆಯನ್ನು ತಂದ. "ಮಾಸ್ತರ, ಇದು ಕಂಪ್ಯೂಟರ್ ಐತ್ರಿ. ಟೀವಿಗೆ ಹಚ್ಚಿದ್ರ ನಡೀತೈತಿ. ನಮ್ಮ ಮನ್ಯಾಗ ಟೀವಿ ಇಲ್ಲ, ನಾ ತಿರುಗಿ ಬರೋಮಟ ನಿಮ್ಮ ಕಡೇನ ಇರ್ಲಿ" ಎಂದು ಕೊಟ್ಟು ವಿಮಾನ ಹತ್ತಿದ. ಅಂದಿನಿಂದ ನನಗೆ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಇಷ್ಟು ಖುಷಿ ನನಗೆ ಲಗ್ನವಾದಾಗಲೂ ಆಗಿರಲಿಲ್ಲ. ಈ ಮಾತನ್ನು ಹೆಂಡತಿ ಗಿರಿಜಾಳ ಎದುರು ಆಡಿದ್ದು ನನ್ನ ಮೊದಲ ತಪ್ಪು.

ಸದರಿ ಯಂತ್ರದ ಕಾರ್ಯವೈಖರಿ ಹೀಗಿತ್ತು: ಟೀವಿ ಪರದೆಯ ಮೇಲೆ ಅಡ್ಡ ಅರವತ್ನಾಲ್ಕು ಚುಕ್ಕಿ, ಉದ್ದ ನಲವತ್ನಾಲ್ಕು ಚುಕ್ಕಿ. ಎಷ್ಟನೆಯ ಸಾಲಿನಲ್ಲಿ ಎಷ್ಟನೆಯ ಚುಕ್ಕಿ ಎಂದು ಎರಡು ಸಂಖ್ಯೆ ಕುಟ್ಟಿದರೆ ಅಲ್ಲೊಂದು ಚುಕ್ಕಿ ಹೊಳೆಯುತ್ತಿತ್ತು! ಮಾಡಿದ್ದನ್ನು ಉಳಿಸಿಕೊಳ್ಳಬೇಕೆಂದರೆ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ತುಂಬಬೇಕು. ಮತ್ತೆ ತೆಗೆಯುವಾಗ ಆ ಕ್ಯಾಸೆಟ್ಟು ಹತ್ತು ನಿಮಿಷ ಕಿರ್ರೋ ಎಂದು ಕಿರುಚುತ್ತಿತ್ತು. "ಬೆಕ್ಕಿನ ಬಾಲ ಬಾಗಿಲದಾಗ ಸಿಕ್ಕಂಗ ಐತಲ್ರಿ!" ಎಂದು ಗಿರಿಜಾ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನನಗದು ಸಂಗೀತ!

ನಾನು ಒಂದು ನವಿಲು ಮಾಡಿದೆ. ಪರದೆಯ ಎಡಗಡೆ ಒಂದು ನವಿಲು. ಆಮೇಲೆ ಎರಡೇ ಸಾಲಿನ ಅಪ್ಪಣೆ ಕೊಟ್ಟೆ ನೋಡಿ, ಬಲಗಡೆ ಅದರ ಜೋಡಿ ತಾನಾಗಿಯೇ ಹುಟ್ಟಿತು! ಕನ್ನಡಿಯಲ್ಲಿ ಕಂಡ ಹಾಗೆ! ನಾನು ಕುರ್ಚಿಯಿಂದ ಜಿಗಿದು ಕೂಗಿದೆ. ಎದುರು ಮನೆಯ ಖಾಜಾಬಿ, ನಮ್ಮ ಮನೆಗೆ ಹಾವು ಹೊಕ್ಕಿತೆಂದು, ಬಡಿಗೆ ಹಿಡಿದುಕೊಂಡು ಓಡಿ ಬಂದಳು.

ಇಷ್ಟರಲ್ಲಿ ನನ್ನ ತಂಗಿ ಸಾವಿತ್ರಿಯನ್ನು ನೋಡಲು ಕಾರಟಗಿಯಿಂದ ಗಂಡಿನವರು ಬರುತ್ತಾರೆಂದು ಸುದ್ದಿ ಬಂತು. ಹುಡುಗ ಅಕ್ಕಿ ಗಿರಣಿಯಲ್ಲಿ ಫೋರ್‌ಮನ್. ಇದಕ್ಕೂ ಮೊದಲು ಎರಡು ಕಡೆಯವರು ಬಂದು, ಉಪ್ಪಿಟ್ಟು ತಿಂದು, ಚಹಾ ಕುಡಿದು, ಹೋದವರು ಹೋಗೇಬಿಟ್ಟಿದ್ದರು. ಸಾವಿತ್ರಿ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಈ ಸಲ ಹುಡುಗನ ಫೋಟೋ ಬಂದ ದಿನದಿಂದ ಅದು ಗೋಡೆಯ ಗೂಡಿನಲ್ಲಿ ಕಾಣಲಿಲ್ಲ, ಅವಳ ಹೊಲಿಗೆ ಡಬ್ಬಿಯಲ್ಲಿ ಕಾಣಿಸಿತು. ಈ ಸಂಬಂಧ ಕೂಡಲೇಬೇಕು! ಅಣ್ಣನಾದವನು ಏನಾದರೂ ಮಾಡಬೇಕು!

"ನೀವು ಏನೂ ಮಾಡಬ್ಯಾಡ್ರಿ. ಅಷ್ಟ ಮಾಡ್ರಿ ಸಾಕು" ಎಂದಳು ಗಿರಿಜಾ.

ನಾನು ಕೇಳಲಿಲ್ಲ. ಬಾಗಿಲ ಮುಂದೆ ರಂಗೋಲಿ ಹೇಗೂ ಬೇಕಲ್ಲ? ಅದನ್ನು ಕಂಪ್ಯೂಟರಿನಲ್ಲಿ ಮಾಡೋಣ! ರಾಯಚೂರು ಜಿಲ್ಲೆಯಲ್ಲೇ ಮೊದಲನೆಯದು! ಮೇಲಿನ ಎರಡು ಮೂಲೆಗೆ ನವಿಲು, ಕೆಳಗಿನ ಎರಡು ಮೂಲೆಗೆ ಕಮಲ, ನಟ್ಟನಡುವೆ ಮನೆಯೊಳಗೆ ಬರುತ್ತಿರುವ ಲಕ್ಷ್ಮಿಯ ಎರಡು ದೊಡ್ಡ ಪಾದ. ನಾಲ್ಕು ದಿನ ಕುಟ್ಟಿದೆ. ಪರದೆಯ ಮೇಲೆ ಅದು ಎಷ್ಟು ಚೆಂದ ಕೂತಿತ್ತೆಂದರೆ, ಗಿರಿಜಾ ಕೂಡ ಒಂದು ಗಳಿಗೆ ಸೌಟು ಹಿಡಿದುಕೊಂಡೇ ನಿಂತಳು.

"ಎಷ್ಟ ಚುಕ್ಕಿ ಐತ್ರಿ ಇದು?"

"ಅಡ್ಡ ಅರವತ್ನಾಲ್ಕು!"

"ಅಯ್ಯ ನನ್ನ ಶಿವನ! ನಾವು ದೀಪಾವಳಿಗೆ ಹಾಕೋದ ಇಪ್ಪತ್ತೊಂದು. ಓಣಿ ಸಾಲೂದಿಲ್ರಿ."

"ಹುಚ್ಚಿ, ಟೀವಿ ಮ್ಯಾಲೆ ಒಂದೂವರಿ ಫೂಟಿನ್ಯಾಗ ಕುಂತೈತಿ. ಓಣಿ ಯಾಕ ಸಾಲೂದಿಲ್ಲ?"

ಈ ಮಾತನ್ನು ಒಬ್ಬ ಗಣಿತದ ಮಾಸ್ತರ ಆಡಿದ್ದು ಎಂಬುದನ್ನು ದಯವಿಟ್ಟು ಇಲಾಖೆಗೆ ತಿಳಿಸಬೇಡಿ.

ಶುಕ್ರವಾರ ಬೆಳಕು ಹರಿಯುವ ಮೊದಲೇ ಕೆಲಸ ಆರಂಭವಾಯಿತು. ಹತ್ತೂವರೆಗೆ ರಾಹುಕಾಲ. ಅದರೊಳಗೆ ಹೆಣ್ಣು ನೋಡುವುದು ಮುಗಿಯಬೇಕೆಂದು ಕಾರಟಗಿಯವರು ಹೇಳಿ ಕಳಿಸಿದ್ದರು. ಸಾವಿತ್ರಿ ಒಳಗೆ ಟೀವಿ ಮುಂದೆ ಕೂತು ಓದುತ್ತಿದ್ದಳು: "ಸಾಲು ಐದು! ಮೂರು ಬಿಡು, ಏಳು ಹಾಕು, ಎರಡು ಬಿಡು!" ನಾನು ಹೊರಗೆ ಬಗ್ಗಿ ಹಾಕುತ್ತಿದ್ದೆ. ಒಂದು ಚುಕ್ಕಿಗೂ ಇನ್ನೊಂದಕ್ಕೂ ನಾಲ್ಕು ಇಂಚು. ಏಕೆ ನಾಲ್ಕು? ನನ್ನ ಹತ್ತಿರ ಇದ್ದ ಅಳತೆಪಟ್ಟಿಯಲ್ಲಿ ನಾಲ್ಕು ಇಂಚಿನ ಗುರುತು ಚೆನ್ನಾಗಿ ಕಾಣುತ್ತಿತ್ತು!

ಗಿರಿಜಾ ಹೊರಗೆ ಬಂದವಳೇ ಹಣೆ ಚಚ್ಚಿಕೊಂಡಳು. "ಇದೇನ್ರಿ, ಹೊಸ್ತಿಲದಿಂದ ಹಿಡಿದೀರಲ್ಲಾ! ರಂಗೋಲಿ ನಡುವಿನ ಚುಕ್ಕಿಯಿಂದ ಹಿಡೀಬೇಕ್ರಿ. ನಡುವಿನಿಂದ ಬೆಳಸ್ತ ಹೋದ್ರ ಎಲ್ಲಿ ಬೇಕಾದ್ರೂ ನಿಲ್ಲಸಾಕ ಬರತೈತಿ."

"ಕಂಪ್ಯೂಟರ್ ಮೂಲಿಯಿಂದ ಹಿಡೀತೈತಿ. ಸಾಲ್ ಪ್ರಕಾರ" ಎಂದೆ, ಗಂಭೀರವಾಗಿ.

"ಕಂಪ್ಯೂಟರಿಗೆ ಅವ್ವ ಇಲ್ಲೇನ್ರಿ, ಕಲಿಸಾಕ?"

ಹತ್ತನೆಯ ಸಾಲಿಗೆ ನನಗೂ ಸ್ವಲ್ಪ ಅನುಮಾನ ಬಂತು. ಅಗಲದಲ್ಲಿ ನಮ್ಮ ಮನೆ ಮುಗಿದು ಪಕ್ಕದ ಹಿತ್ತಲಗೋಡೆ ಆರಂಭವಾಗಿತ್ತು. ಆಗ ಮೊದಲ ಸಲ ಗುಣಾಕಾರ ಮಾಡಿದೆ. ಅರವತ್ನಾಲ್ಕು ಗುಣಿಸು ನಾಲ್ಕು, ಭಾಗಿಸು ಹನ್ನೆರಡು: ಇಪ್ಪತ್ತೊಂದು ಅಡಿ ಅಗಲ! ನಲವತ್ನಾಲ್ಕು ಗುಣಿಸು ನಾಲ್ಕು: ಸುಮಾರು ಹದಿನೈದು ಅಡಿ ಉದ್ದ! ನಮ್ಮ ಹೊಸ್ತಿಲಿಂದ ಖಾಜಾಬಿಯ ಕಟ್ಟೆಗೆ ಎಷ್ಟು? ಹದಿನೈದು ಅಡಿ! ಲೆಕ್ಕ ಎಷ್ಟು ಸರಿಯಾಗಿ ಬಂದಿತ್ತೆಂದರೆ ನನಗೆ ಅಳು ಬಂತು.

"ಇಷ್ಟಕ್ಕ ಬಿಟ್ಟಬಿಡೂಣೇನು?" ಎಂದೆ.

"ಹೆಣ್ಣು ನೋಡಾಕ ಬರೋ ದಿನ ಅರ್ಧ ರಂಗೋಲಿ ಬಿಡತಾರೇನ್ರಿ? ಅಪಶಕುನ! ಹಾಕ್ರಿ ಇನ್ನ!" ಗಿರಿಜಾ ಸೆರಗು ಸಿಕ್ಕಿಸಿಕೊಂಡು ತಾನೂ ಕೂತಳು. ಅತ್ತ ಕಡೆಯಿಂದ ಖಾಜಾಬಿಯೂ ಒಂದು ಡಬ್ಬಿ ಹಿಡಿದು ಇಳಿದಳು. "ಯಾ ಅಲ್ಲಾ, ಮಾಸ್ತರ್ ಸಾಬ್, ನನ್ನ ಬೇಟಾ ನಿಮಗ ಮಶಿನ್ ಕೊಟ್ಟಾನೋ, ಕೂಲಿ ಕೊಟ್ಟಾನೋ?" ಮೂವರ ಕೈಯೂ ಓಡತೊಡಗಿತು. ಬಣ್ಣ ತುಂಬಿದಂತೆಲ್ಲ ನವಿಲು ಎದ್ದು ಬಂದವು. ಲಕ್ಷ್ಮಿಯ ಪಾದದ ಹತ್ತು ಬೆರಳೂ ಮನೆಯ ಕಡೆ ಮುಖ ಮಾಡಿ ಮೂಡಿದವು. ಏನು ಚೆಂದ! ಏನು ಚೆಂದ! ಇಪ್ಪತ್ತೆರಡನೆಯ ಸಾಲು ಮುಗಿಯಿತು. ಸರಿಯಾಗಿ ಅರ್ಧ.

ಕರೆಂಟು ಹೋಯಿತು.

ಒಳಗಿನಿಂದ ಸಾವಿತ್ರಿಯ ಧ್ವನಿ ಬಂತು: "ಅಣ್ಣಾ, ನವಿಲು ಹೋದ್ವು."

ಕರೆಂಟು ಹೋದರೆ ಕಂಪ್ಯೂಟರಿಗೆ ಎಲ್ಲ ಮರೆತುಹೋಗುತ್ತದೆ. ಕ್ಯಾಸೆಟ್ಟಿನಿಂದ ತೆಗೆಯೋಣವೆಂದರೆ ಅದಕ್ಕೂ ಕರೆಂಟು ಬೇಕು. ಗಡಿಯಾರದಲ್ಲಿ ಒಂಬತ್ತಾಗಿತ್ತು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು! ಊರಿನಲ್ಲಿ ಆ ಹೊತ್ತಿಗೆ ಹತ್ತಿದ ದೀಪ ಅದೊಂದೇ. "ಕನ್ನಡಿ!" ಎಂದು ಕೂಗಿದೆ. "ಎಡಕ್ಕಿದ್ದದ್ದು ಬಲಕ್ಕ ಬಂದಂಗ, ಮ್ಯಾಲಿದ್ದದ್ದನ್ನ ಕೆಳಗ ತಿರುಗಿಸಿ ಹಾಕಿದ್ರಾತು! ಇಪ್ಪತ್ತೆರಡನೇ ಸಾಲಿನಿಂದ ಹಿಂದಕ ಹೋಗೂದು!"

ಹಿಂದಕ್ಕೆ ಹೋದೆವು. ಒಂಬತ್ತು ಮುಕ್ಕಾಲಿಗೆ ಕೊನೆಯ ಚುಕ್ಕಿ ಖಾಜಾಬಿಯ ಕಟ್ಟೆಗೆ ತಾಗಿತು. ನಾನೂ ಗಿರಿಜಾಳೂ ಚುಕ್ಕಿಗಳ ನಡುವೆ ತುದಿಗಾಲಲ್ಲಿ ಹಾರುತ್ತ ನಮ್ಮ ಹೊಸ್ತಿಲು ಸೇರಿದೆವು, ನಾನು ಬೆನ್ನು ನೀವಿಕೊಂಡೆ. ಅಷ್ಟರಲ್ಲಿ ಓಣಿಯ ತುದಿಗೆ ಜೀಪು ಬಂದು ನಿಂತಿತು.

ಇಳಿದವರು ಮೂವರು. ಹುಡುಗ, ಅವನ ತಂದೆ, ಮತ್ತು ಅವನ ಅಜ್ಜಿ. ಅಜ್ಜಿಯ ಮಾತೇ ಆ ಮನೆಯಲ್ಲಿ ಕೊನೆಯ ಮಾತೆಂದು ಮೊದಲೇ ಕೇಳಿದ್ದೆವು. ರಂಗೋಲಿಯ ಅಂಚಿಗೆ ಬಂದು ಮೂವರೂ ಗಕ್ಕನೆ ನಿಂತರು. ಓಣಿ ಈ ಗೋಡೆಯಿಂದ ಆ ಗೋಡೆಯವರೆಗೆ ಭರ್ತಿ! ಕಾಲಿಡಲು ಗೇಣು ಜಾಗವಿಲ್ಲ. ಖಾಜಾಬಿ ಅವರನ್ನು ಗೋಡೆ ಹಿಡಿಸಿ ತನ್ನ ಕಟ್ಟೆಗೆ ಹತ್ತಿಸಿಕೊಂಡು, ಚಾಪೆ ಹಾಸಿ ಕೂಡಿಸಿದಳು.

ಹೀಗಾಗಿ ಗಂಡಿನವರು ಆ ಮನೆಯ ಕಟ್ಟೆಯ ಮೇಲೆ. ಹೆಣ್ಣಿನವರು ಈ ಮನೆಯ ಹೊಸ್ತಿಲೊಳಗೆ. ನಡುವೆ ಹದಿನೈದು ಅಡಿ ನನ್ನ ಪ್ರತಿಭೆ.

"ಬರ್ರಿ, ಒಳಗ ಬರ್ರಿ!" ಎಂದು ಕೈಮುಗಿದೆ.

"ಹೆಂಗ ಬರೋದು?" ಎಂದರು ಹುಡುಗನ ತಂದೆ. "ಅಲ್ರಿ ಮಾಸ್ತರ, ಈ ನವಿಲು ಯಾಕ ಅಂಗಾತ ಬಿದ್ದಾವು? ಕಾಲು ಮ್ಯಾಲೆ ಮಾಡಿ?"

ಆಗಲೇ ನನಗೆ ಗೊತ್ತಾದದ್ದು. ತಿರುಗಿಸಿ ಹಾಕಿದ್ದರಿಂದ ಅವರ ಕಾಲಬುಡದಲ್ಲಿ ಕಮಲಗಳ ಬದಲು ಎರಡು ನವಿಲು ಪ್ರಾಣಬಿಟ್ಟಂತೆ ಬಿದ್ದಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನಟ್ಟನಡುವೆ ನೋಡಿದರು.

"ಈ ಲಕ್ಷ್ಮಿಗೆ ಹಿಮ್ಮಡ ಎಲ್ಲ್ಯದಾವು? ಎರಡೂ ಕಡೆ ಬೆರಳ ಅದಾವಲ್ಲೋ ತಮ್ಮಾ! ಆಕಿ ಮನಿ ಒಳಗ ಬರಾಕತ್ಯಾಳೋ, ಮನಿ ಬಿಟ್ಟು ಹೊಂಟಾಳೋ?"

"ಹೆಂಗರ ಇರ್ಲಿ," ಎಂದರು ಅಜ್ಜಿ, "ಪಾದ ಅಂದ್ರ ಪಾದಾನ. ನಾ ತುಳಿದು ಬರಂಗಿಲ್ಲ." ಗಿರಿಜಾ ಈಚೆ ಮಂಡಕ್ಕಿಯ ಸುಸಲಾ, ಮಿರ್ಚಿಯ ತಾಟು ಹಿಡಿದು ನಿಂತಿದ್ದಳು. ಮಿರ್ಚಿ ಆರುತ್ತಿತ್ತು. ರಾಹುಕಾಲಕ್ಕೆ ಇಪ್ಪತ್ತು ನಿಮಿಷ. ಬಾಗಿಲ ಹಿಂದೆ ಹಸಿರು ಸೀರೆಯುಟ್ಟ ಸಾವಿತ್ರಿ ಉಗುರು ಕಚ್ಚುತ್ತಿದ್ದಳು. ಆ ಮುಖ ನೋಡಲಾಗಲಿಲ್ಲ ನನಗೆ. ನನ್ನಿಂದಲೇ ಕೆಟ್ಟದ್ದು, ನಾನೇ ಸರಿ ಮಾಡಬೇಕು!

ಹಿತ್ತಲಲ್ಲಿ ಏಣಿಯಿತ್ತು! ಓಡಿ ಹೋಗಿ ತಂದೆ. ನಮ್ಮ ಕಟ್ಟೆಯಿಂದ ಖಾಜಾಬಿಯ ಕಟ್ಟೆಗೆ ಅಡ್ಡಲಾಗಿ ಚಾಚಿದೆ. ಉದ್ದ ಸರಿಯಾಗಿ ಸಾಕಾಯಿತು. "ನೋಡ್ರಿ, ಸೇತುವಿ!" ಎಂದೆ. "ಯಾರೂ ಏನೂ ತುಳಿಯೋ ಹಾಂಗಿಲ್ಲ. ಒಂದೊಂದ ಮೆಟ್ಟಲದ ಮ್ಯಾಲೆ ಕಾಲಿಟ್ಟು ಬರೋದು, ಅಷ್ಟ!"

ಎಪ್ಪತ್ತೈದು ದಾಟಿದ ಅಜ್ಜಿ ನನ್ನನ್ನೇ ನೋಡಿದರು. "ಮೊದಲ ನೀ ಬಂದ ತೋರಸು."

"ಬ್ಯಾಡ್ರೀ!" ಎಂದಳು ಗಿರಿಜಾ. ಆಗಲೇ ಹತ್ತಿದ್ದೆ. ಒಂದು, ಎರಡು, ಮೂರು! ಖಾಜಾಬಿ ಆ ತುದಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ನಟ್ಟನಡುವೆ ಬಂದಾಗ, ಎಲ್ಲರೂ ನೋಡುತ್ತಿದ್ದಾರಲ್ಲ ಎಂಬ ಹುಮ್ಮಸ್ಸಿನಲ್ಲಿ ಕೈಮುಗಿಯಲು ಎರಡೂ ಕೈ ಎತ್ತಿದೆ. ಧೋತರದ ಅಂಚು ಏಣಿಯ ಮೊಳೆಗೆ ಸಿಕ್ಕಿತು.

ದಡಲ್!

ಬಿದ್ದದ್ದು ಸರಿಯಾಗಿ ಲಕ್ಷ್ಮಿಯ ಪಾದದ ಮೇಲೆ, ಬೋರಲು. ಏಳಲು ಹೋಗಿ ಎಡ ನವಿಲಿನ ಮೇಲೆ ಜಾರಿದೆ. ಮತ್ತೆ ಏಳಲು ಹೋಗಿ ಬಲ ನವಿಲಿನ ಮೇಲೆ ಜಾರಿದೆ. ಕೊನೆಗೆ ಎದ್ದು ನಿಂತಾಗ ಮೀಸೆ ಹಸಿರು, ಮೂಗು ಕುಂಕುಮ, ಎದೆಯ ಮೇಲೆ ಐದು ಬೆರಳಿನ ಪಾದ. ಇಡೀ ಓಣಿ ಬಾಗಿಲಿಗೆ ಬಂದಿತ್ತು. ಮೂರನೆಯ ಸಂಬಂಧವೂ ಹೋಯಿತು ಎಂದುಕೊಂಡೆ, ಅದೂ ಸುಸಲಾವನ್ನೂ ತಿನ್ನದೆ!

ಆಗ ಸಾವಿತ್ರಿ ಬಾಗಿಲು ದಾಟಿ ಬಂದಳು. ತಲೆ ತಗ್ಗಿಸಿ, ಚಹಾದ ತಟ್ಟೆ ಹಿಡಿದು ಬರಬೇಕಾದ ಹುಡುಗಿ ಕೈಯಲ್ಲಿ ಕಸಬರಿಗೆ ಹಿಡಿದಿದ್ದಳು. ಮೊದಲು ನೆಲಕ್ಕೆ ಒಂದು ನಮಸ್ಕಾರ ಮಾಡಿದಳು. ಆಮೇಲೆ ನೇರವಾಗಿ ಅಜ್ಜಿಯ ಮುಖ ನೋಡಿದಳು.

"ಅಜ್ಜಿ, ಲಕ್ಷ್ಮಿ ಈಗ ನೆಲದ ಮ್ಯಾಲೆ ಇಲ್ರಿ. ನಮ್ಮಣ್ಣನ ಅಂಗಿ ಮ್ಯಾಲೆ ಅದಾಳ. ಇನ್ನ ನೀವು ಬರಬಹುದು."

ನಾಲ್ಕೇ ಬೀಸು. ಕಟ್ಟೆಯಿಂದ ಹೊಸ್ತಿಲಿಗೆ ನೆಟ್ಟಗೆ ಒಂದು ದಾರಿ ಆಯಿತು. ನಾಲ್ಕು ದಿನ ಕುಟ್ಟಿ, ಬೆಳಗಿನಿಂದ ಮೂವರು ಬಗ್ಗಿ ಮಾಡಿದ್ದು! ಅವಳು ಸರಿದು ನಿಂತಳು. ಹುಡುಗ ಅವಳನ್ನೇ ನೋಡುತ್ತಿದ್ದ.

ಅಜ್ಜಿ ಮೊದಲು ಸೆರಗು ಬಾಯಿಗೆ ಹಿಡಿದರು. ಭುಜ ಅಲುಗಿತು. ಆಮೇಲೆ ಓಣಿಯೇ ಅದುರುವಂತೆ ನಕ್ಕರು! ನಗುತ್ತಲೇ ಕಟ್ಟೆಯಿಂದ ಇಳಿದು, ಆ ದಾರಿಯಲ್ಲಿ ನಡೆದು, ಸಾವಿತ್ರಿಯ ಗಲ್ಲ ಹಿಡಿದರು. "ಇಂಥಾಕಿ ಬೇಕವಾ ನಮ್ಮ ಮನಿಗೆ. ನನಗ ಹುಡುಗಿ ಪಸಂದ್!" ಹುಡುಗನನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಅವನ ಮುಖದಲ್ಲಿ ಕಾಣಲಿಲ್ಲ.

ರಾಹುಕಾಲಕ್ಕೆ ಐದು ನಿಮಿಷ ಇರುವಾಗ, ಸಂಬಂಧ ಕೂಡಿತೆಂದು ಬಾಯಿಗೆ ಸಕ್ಕರೆ ಹಾಕಿಕೊಂಡೆವು. ನಾನು ಮೂಲೆಯಲ್ಲಿ ಬಣ್ಣಬಣ್ಣವಾಗಿ ನಿಂತಿದ್ದೆ. ಅಷ್ಟರಲ್ಲಿ ಖಾಜಾಬಿ ಕಂಪ್ಯೂಟರಿನ ಕಥೆಯನ್ನೆಲ್ಲ ಅಜ್ಜಿಗೆ ಹೇಳಿಬಿಟ್ಟಿದ್ದಳು. ಹೊರಡುವಾಗ ಅಜ್ಜಿ ಗಿರಿಜಾಳನ್ನು ಹತ್ತಿರ ಕರೆದು, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು. "ಒಂದ ಮಾತ ಕೇಳತೀನಿ, ಸಿಟ್ಟಾಗಬ್ಯಾಡವಾ. ಹುಡುಗಿ ಅಣ್ಣ ಹಿಂಗ್ಯಾಕ ಅದಾನ? ಮನಿತನದಾಗ ಬಂದದ್ದೋ, ಆ ಮಶಿನ್ನಿನಿಂದ ಬಂದದ್ದೋ?"

ನಾನು ಆಸೆಯಿಂದ ಹೆಂಡತಿಯ ಮುಖ ನೋಡಿದೆ.

"ಮಶಿನ್ ಬಂದು ಒಂದ ತಿಂಗಳಾತ್ರಿ ಅಮ್ಮಾ" ಎಂದಳು ಗಿರಿಜಾ. "ಇವರು ಮೊದಲಿಂದಾನೂ ಹಿಂಗ ಅದಾರ. ಮನಿತನದಾಗ ಮತ್ಯಾರಿಗೂ ಇಲ್ರಿ, ಇವರೊಬ್ಬರಿಗೇ!"

ಅಜ್ಜಿ ಸಮಾಧಾನದಿಂದ ಜೀಪು ಹತ್ತಿದರು. ಎರಡು ತಿಂಗಳಿಗೆ ಲಗ್ನವಾಯಿತು. ಚಪ್ಪರ, ಅಡಿಗೆ, ರಂಗೋಲಿ, ಬೀಗರ ಉಪಚಾರ ಎಲ್ಲವನ್ನೂ ಗಿರಿಜಾಳೂ ಖಾಜಾಬಿಯೂ ಹಂಚಿಕೊಂಡರು. ಹೆಣ್ಣಿನ ಅಣ್ಣನಾದ ನನಗೆ ಒಂದು ಕುರ್ಚಿ ಕೊಟ್ಟು, ಇದರ ಮೇಲೆ ಕೂತಿರುವುದೇ ನಿಮ್ಮ ಜವಾಬ್ದಾರಿ ಎಂದರು. ಬೆಳಿಗ್ಗೆಯಿಂದ ಅತ್ಯಂತ ನಿಷ್ಠೆಯಿಂದ ಕೂತಿದ್ದೆ. ಅಕ್ಷತೆ ಹಾಕಲು ಏಳಬಹುದೇ ಎಂದು ಮಾತ್ರ ಎರಡು ಸಲ ಕೇಳಿದೆ. ಎರಡನೆಯ ಸಲ, ಕೂತಲ್ಲಿಂದಲೇ ಒಗೆಯಿರಿ ಎಂದಳು ಗಿರಿಜಾ.