ರಿವರ್ಸ್ ಗೇರಿನ ಹಾಡು

ಮಗ್ಗಿ ಮರೆತರೂ ಮನುಷ್ಯ ಬದುಕಬಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಕಲಿತದ್ದನ್ನೂ ಅಲ್ಲೇ ಬಿಟ್ಟು ಬಂದೆ. ಆದರೆ ಆ ಕಾಲದಲ್ಲಿ ರವಿವಾರ ಮುಂಜಾನೆ ಟಿವಿಯಲ್ಲಿ ಮಕ್ಕಳ ಧಾರಾವಾಹಿ ಶುರುವಾಗುವ ಮೊದಲು ಬರುತ್ತಿದ್ದ ಹಾಡಿನ ಧಾಟಿ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹೀಗಾಗಿ, ಅಮರಗೋಳದ ಮಾರುಕಟ್ಟೆ ಯಾರ್ಡಿನಲ್ಲಿ ಬಾಡಿಗೆ ಹೊಡೆಯುವ ನನ್ನ ಟೆಂಪೊಗೆ ರಿವರ್ಸ್ ಹಾರ್ನ್ ಕೂಡಿಸುವಾಗ ಎಲೆಕ್ಟ್ರಿಷಿಯನ್ ದಸ್ತಗೀರ ದೇವರ ಹಾಡು ಹಾಕಲೇ ಎಂದು ಕೇಳಿದರೂ, ನಾನು ಹಟ ಹಿಡಿದು ಅದೇ ಧಾಟಿಯನ್ನು ಹಾಕಿಸಿಕೊಂಡೆ.

ತೊಂದರೆ ಏನೆಂದರೆ, ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ತಂಗಿ ಗಿರಿಜಾ ಸಂಜೆ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ನಾನು ಗಾಡಿಯನ್ನು ಹಿಂದಕ್ಕೆ ತಂದು ಮನೆ ಮುಂದೆ ನಿಲ್ಲಿಸುವ ಹೊತ್ತೂ ಅದೇ. ಹಾರ್ನ್ ಕೇಳಿದ್ದೇ ತಡ, ಮಕ್ಕಳು ಭೂಪಾಲಿ ರಾಗವನ್ನು ಅರ್ಧಕ್ಕೆ ಬಿಟ್ಟು ಹೊರಗೋಡಿ, ಬರ್ರಿ ಮಾಮಾ, ಇನ್ನೂ ಬರ್ರಿ ಎಂದು ಕೈಮಾಡುತ್ತ ಹಾರ್ನಿಗೆ ದನಿಗೂಡಿಸುತ್ತಿದ್ದವು. ಮನೆಗೆ ಹೋಗಿಯೂ ಅದನ್ನೇ ಗುನುಗುತ್ತಿದ್ದವಂತೆ. ರವಿವಾರ ನಾವೇ ಬಂದು ಮಕ್ಕಳ ಹಾಡು ಕೇಳುತ್ತೇವೆ, ಕಳಿಸುವುದೋ ಬಿಡುವುದೋ ಆಮೇಲೆ ನೋಡೋಣ ಎಂದರು ಪಾಲಕರು. ಗಿರಿಜಾ ನನಗೆ ಬೈಯಲಿಲ್ಲ. "ಅಣ್ಣಾ, ನಂದು ಅಂತ ಇರೂದು ಈ ಕ್ಲಾಸ್ ಒಂದ" ಎಂದಷ್ಟೇ ಹೇಳಿ ರೊಟ್ಟಿ ಬಡಿಸಿದಳು. ಹಾರ್ನ್ ತೆಗೆಸುತ್ತೇನೆಂದು ಮಾತು ಕೊಟ್ಟೆ. ದಸ್ತಗೀರನ ಅಂಗಡಿಯ ತನಕ ಹೋಗಿ ಚಹಾ ಕುಡಿದು ಬಂದೆ.

ರವಿವಾರ ಗಾಡಿಯನ್ನು ಯಾರ್ಡಿನಲ್ಲೇ ಬಿಟ್ಟು ಬಸ್ಸಿಗೆ ಬಂದು, ಬಾಗಿಲಲ್ಲಿ ಕಳ್ಳನಂತೆ ನಿಂತೆ. ಪಾಲಕರನ್ನು ಕಂಡು ಮಕ್ಕಳ ಬಾಯಿ ಕಟ್ಟಿತ್ತು. ಗಿರಿಜಾ ಹಾರ್ಮೋನಿಯಂ ಪೇಟಿ ಬಾರಿಸಿ ಬಾರಿಸಿ ಸೋತು, ನನ್ನ ಕಡೆ ನೋಡಿದಳು.

"ಅಣ್ಣಾ, ಗಾಡಿ ಎಲ್ಲೈತಿ?"

"ನಿನ್ನ ಸಲುವಾಗಿ ಯಾರ್ಡಿನ್ಯಾಗ ಬಿಟ್ಟ ಬಂದೇನಿ."

"ಹಂಗಾರ ಬಾಯಿಲೇ ರಿವರ್ಸ್ ಹಾಕು."

ಹಾಕಿದೆ. ನನ್ನ ದನಿ ಹಾರ್ನಿಗಿಂತ ಕೆಟ್ಟದ್ದು. ಸಾಲದ್ದಕ್ಕೆ ಅಭ್ಯಾಸಬಲದಿಂದ ಹಿಂದೆ ಹಿಂದೆ ಸರಿಯುತ್ತ ಹೋಗಿ, ಹೊರಗಿದ್ದ ಚಪ್ಪಲಿಗಳ ರಾಶಿಯ ಮೇಲೆ ಕುಳಿತೇಬಿಟ್ಟೆ. ಮಕ್ಕಳು ಹೋ ಎಂದು ನಕ್ಕವು. ಬಿಚ್ಚಿದ ಬಾಯಿಗಳನ್ನು ಮತ್ತೆ ಮುಚ್ಚಗೊಡದೆ ಗಿರಿಜಾ ಸ್ವರ ಎತ್ತಿದಳು. ಭೂಪಾಲಿ ಎಲ್ಲಿಯೂ ತಡೆಯದೆ ಕೊನೆ ಮುಟ್ಟಿತು. ಎಲ್ಲರಿಗಿಂತ ಹೆಚ್ಚು ಗೊಣಗಿದ್ದ ತಾಯಿಯೇ ತನ್ನ ಇನ್ನೊಬ್ಬ ಮಗಳನ್ನೂ ಕ್ಲಾಸಿಗೆ ಸೇರಿಸಿದಳು.

ಈಗ ಕ್ಲಾಸ್ ಮುಗಿದ ಮೇಲೆ ಹಾರ್ನ್ ಹಾಕಲು ನನಗೆ ಅಪ್ಪಣೆಯಿದೆ. ಯಾರಾದರೂ ಗೊಣಗಿದರೆ ಗಿರಿಜಾಳೇ, "ರಿವರ್ಸ್ ಬರಲಾರ್ದ ಗಾಡಿ ಹೆಂಗ ನಿಲ್ಲಸ್ಬೇಕ್ರಿ ನಮ್ಮಣ್ಣ" ಎಂದು ನನ್ನ ಪರ ವಾದಿಸುತ್ತಾಳೆ. ಪಾಪ, ಗಾಡಿಯ ವಿಷಯ ಅವಳಿಗೆ ತಿಳಿಯದು. ನಮ್ಮ ರಸ್ತೆಗೆ ಎರಡೂ ಕಡೆ ದಾರಿಯಿದೆ. ನೇರ ಬಂದು ನಿಲ್ಲಿಸಿ, ಮುಂಜಾನೆ ನೇರ ಹೋಗಬಹುದು. ಇದನ್ನು ಅವಳಿಗೆ ಹೇಳಿಬಿಡಬೇಕೆಂದು ದಿನಾ ಮನೆಯ ತನಕ ಬರುತ್ತೇನೆ. ಅಷ್ಟರಲ್ಲಿ ಗಾಡಿ ಮನೆ ದಾಟಿರುತ್ತದೆ; ರಿವರ್ಸ್ ಹಾಕಲೇಬೇಕು.