ರಟ್ಟು ಓದುತ್ತಿದ್ದ ಮಾವ

ನನ್ನ ಸೋದರಮಾವನಷ್ಟು ಅಪರೂಪದ ಪುಸ್ತಕಗಳನ್ನು ಕೈಯಲ್ಲಿ ಹಿಡಿದವರು ಕೊಯಮತ್ತೂರು ಸೀಮೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಅವುಗಳಲ್ಲಿ ಒಂದು ಸಾಲನ್ನೂ ಅವರು ಓದಲಿಲ್ಲ! ಖಾತ್ರಿಯಾಗಿ ಹೇಳಬಲ್ಲದ್ದು ಇಷ್ಟೇ. ಉಳಿದದ್ದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಮುಖ್ಯವಾದ ಒಂದು ಮಾತನ್ನು ಆಡಿದ್ದು ಮಾವನೋ ನಾನೋ ಎಂಬುದು ಕೂಡ ನೆನಪಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕೊಯಮತ್ತೂರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ಎಲ್ಲದಕ್ಕೂ ಪುರಾವೆ ಕೇಳುವ ಕಾಯಿಲೆ ಆಗಲೇ ಅಂಟಿತ್ತು. ಮಾವ ಪಲ್ಲಡಂ ಪಕ್ಕದ ಕೈಮಗ್ಗದ ನೇಕಾರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಓದುಬರಹ ಎರಡರಲ್ಲೂ ಅಷ್ಟಕ್ಕಷ್ಟೆ. ಅತ್ತೆ ತೀರಿಕೊಂಡ ನಾಲ್ಕನೆಯ ತಿಂಗಳು ಅವರು ಉಕ್ಕಡದಲ್ಲಿ ಬಸ್ಸಿಳಿದು ನೇರವಾಗಿ ನನ್ನ ಹಾಸ್ಟೆಲಿಗೆ ಬಂದರು. ಅಳಿಯನಾದ ನನ್ನನ್ನು ಅವರು ಕರೆಯುತ್ತಿದ್ದುದು ತಮಿಳಿನಲ್ಲಿ, ಮಾಪ್ಳೆ ಎಂದು.

"ಮಾಪ್ಳೆ, ನಿಮ್ ಲೈಬ್ರರೀಲಿ ಹಳೇ ಪುಸ್ತಗ ಬೀಗ ಹಾಕಿ ಇಟ್ಟವ್ರಲ್ಲ, ಅಲ್ಲಿಗೆ ನನ್ನ ಕರ್ಕೊಂಡ್ ಹೋಗು."

ಕಾರಣ ಕೇಳಿದೆ. ಮಾವ ಹೇಳಿದ್ದು ಇಷ್ಟು: ನೇಕಾರರ ಮನೆಯಲ್ಲಿ ಬಟ್ಟೆ ಉಳಿಯುವುದಿಲ್ಲ. ಮಗ್ಗದಿಂದ ಇಳಿದ ದಿನವೇ ವ್ಯಾಪಾರಿಯ ಮನೆ ಸೇರುತ್ತದೆ. ಮೂವತ್ತು ವರ್ಷ ನೆಯ್ದ ಅತ್ತೆಯ ಕೈಯ ಒಂದು ಗೇಣು ಬಟ್ಟೆಯೂ ಮನೆಯಲ್ಲಿರಲಿಲ್ಲ. ಹೆಣದ ಮೇಲೆ ಹೊದಿಸಿದ್ದು ಕೂಡ ಪೇಟೆಯಿಂದ ತಂದ ಮಿಲ್ ಬಟ್ಟೆ. ಮಾವ ಅದನ್ನೇ ನೋಡುತ್ತ ನಿಂತಿದ್ದರಂತೆ. ಅತ್ತೆಯ ಕಡೆಯ ವರ್ಷಗಳ ಬಟ್ಟೆಯನ್ನು ವ್ಯಾಪಾರಿ ಕುಂದು ಇದೆ ಎಂದು ಹಿಂದಿರುಗಿಸುತ್ತಿದ್ದ. ಅದನ್ನು ಅಗ್ಗಕ್ಕೆ ಕೊಂಡವನು ಪುಸ್ತಕ ಕಟ್ಟುವ ಒಬ್ಬ ಬೈಂಡರ್. ಅವನು ನಮ್ಮ ಗ್ರಂಥಾಲಯದ ಹಳೆಯ ದಾಖಲೆಗಳಿಗೆಲ್ಲ ಬಟ್ಟೆ ಹೊದಿಸಿದ ಹೊಸ ರಟ್ಟು ಕಟ್ಟಿದವನು. ಅಂದರೆ ಅತ್ತೆ ಆ ಬೀರುಗಳಲ್ಲಿ ಎಲ್ಲೋ ಇದ್ದಾಳೆ ಎಂಬುದು ಮಾವನ ಲೆಕ್ಕ!

ಆ ಕೋಣೆಗೆ ಸಂಶೋಧಕರಿಗೆ ಮಾತ್ರ ಪ್ರವೇಶ. ಅರ್ಜಿಯಲ್ಲಿ ಮಾವನನ್ನು ನನ್ನ ಸಹಾಯಕ ಎಂದು ಬರೆದೆ. ಮೇಲ್ವಿಚಾರಕರು ವಿಷಯ ಯಾವುದೆಂದು ಕೇಳಿದಾಗ ಮಾವ "ನೂಲು" ಎಂದರು. ಜವಳಿಯ ಇತಿಹಾಸ ಎಂದು ತಿಳಿದ ಅವರು ಮಾವನ ಹೆಸರಿಗೇ ಒಂದು ಕಾಯಂ ಪ್ರವೇಶ ಚೀಟಿ ಬರೆದು, ಫ್ಯಾನಿನ ಕೆಳಗಿನ ಕುರ್ಚಿಯನ್ನೂ ಕೊಟ್ಟರು. ನನಗೆ ಎರಡು ವರ್ಷದಿಂದ ಸಿಗದ ಕುರ್ಚಿ ಅದು!

ಎಲ್ಲರೂ ಪುಸ್ತಕ ತೆರೆದರೆ ಮಾವ ಮುಚ್ಚುತ್ತಿದ್ದರು. ಸೊಂಟದಿಂದ ನೇಕಾರರು ಎಳೆ ಎಣಿಸುವ ಮಡಚು ಭೂತಗನ್ನಡಿ ತೆಗೆದು ರಟ್ಟಿನ ಮೇಲೆ ಇಟ್ಟು ಬಗ್ಗುತ್ತಿದ್ದರು. ಒಮ್ಮೆ ಮೇಲ್ವಿಚಾರಕರು ಭಕ್ತಿಯಿಂದ, ಎರಡೂ ಕೈಯಲ್ಲಿ, ಒಂದು ತಾಳೆಗರಿ ಕಟ್ಟು ತಂದಿಟ್ಟರು. ಮಾವ ಗರಿಗಳನ್ನು ಪಕ್ಕಕ್ಕೆ ಸರಿಸಿ, ಸುತ್ತಿದ್ದ ವಸ್ತ್ರವನ್ನು ಬೆಳಕಿಗೆ ಹಿಡಿದು "ಮಿಲ್ಲು" ಎಂದು ವಾಪಸು ಕೊಟ್ಟರು. ಇನ್ನೊಮ್ಮೆ ಹಿರಿಯ ಪ್ರಾಧ್ಯಾಪಕರೊಬ್ಬರು ತಾವೇ ಬರೆದ ಗ್ರಂಥವನ್ನು ಮಾವನ ಮುಂದಿಟ್ಟು ಅಭಿಪ್ರಾಯ ಕೇಳಿದರು. ಒಳಗಿನದು ತನಗೆ ತಿಳಿಯದು, ಮೇಲಿನ ಬಟ್ಟೆ ಮಾತ್ರ ಬರೀ ಗಂಜಿ ಎಂದರು ಮಾವ. ಪ್ರಾಧ್ಯಾಪಕರು ಮತ್ತೆ ಆ ಕಡೆ ಸುಳಿಯಲಿಲ್ಲ.

ವಾರಗಳು ಕಳೆದವು. ನನ್ನ ಪ್ರಬಂಧ ಹಿಂದೆ ಬಿತ್ತು, ತಾಳ್ಮೆಯೂ ತೀರಿತು. ಕುಂದಿನ ಬಟ್ಟೆ ಊರೆಲ್ಲ ನೆಯ್ಯುತ್ತಾರೆ, ಇದು ಅತ್ತೆಯದೇ ಎನ್ನಲು ಪುರಾವೆ ಏನು ಎಂದು ಮೆಟ್ಟಿಲ ಮೇಲೆ ಕೂತು ಕೇಳಿಯೇಬಿಟ್ಟೆ.

ಮಾವ ಭೂತಗನ್ನಡಿಯನ್ನು ಮಡಚಿದರು.

"ಕೆಮ್ಮು ಬಂದ್ರೆ ಅವಳ ಕೈ ಸೋಲ್ತಿತ್ತು, ಮಾಪ್ಳೆ. ಮಗ್ಗದ ಪೆಟ್ಟು ಸರಿಯಾ ಬೀಳಲ್ಲ. ಅಲ್ಲಿ ಒಂದು ಗೀಟು ಜಾಳಾಗುತ್ತೆ. ಆಮೇಲೆ ಸರಿಯಾಗುತ್ತೆ. ತಿರುಗ ಕೆಮ್ಮು, ತಿರುಗ ಗೀಟು." ಕನ್ನಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು: "ಬಟ್ಟೆ ಕೆಡಿಸ್ತೀಯ ಅಂತ ಬೈದೆ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲಿಲ್ಲ. ಬೈದೆ."



ಅದರ ಮುಂದಿನ ವಾರವೇ ಇರಬೇಕು, ಜಾನುವಾರು ರೋಗಗಳ ಒಂದು ಹಳೆಯ ವರದಿ ಕೈಗೆ ಬಂತು. ಬೂದು ಬಣ್ಣದ ರಟ್ಟಿನ ಬಟ್ಟೆಯಲ್ಲಿ ಅಡ್ಡಡ್ಡ ತೆಳ್ಳನೆಯ ಗೆರೆಗಳು; ಎರಡು ಹತ್ತಿರ, ಒಂದು ದೂರ, ಮತ್ತೆ ಮೂರು ಒತ್ತೊತ್ತಾಗಿ. "ಇದೇ" ಎಂಬ ಮಾತು ಕೇಳಿಸಿತು. ಅದನ್ನು ಅಂದದ್ದು ಮಾವನೆ? ಈ ಹುಡುಕಾಟ ಮುಗಿದರೆ ಸಾಕೆಂದು ನಾನೇ ಅಂದೆನೆ? ಮಾವ ಕನ್ನಡಿ ಇಡಲಿಲ್ಲ. ಅಂಗೈಯನ್ನು ಗೆರೆಗಳ ಮೇಲೆ ಇಟ್ಟುಕೊಂಡು, ಕೋಣೆ ಮುಚ್ಚುವವರೆಗೆ ಹಾಗೆಯೇ ಕೂತರು. ಹಸುವಿನ ಕಾಲುಬಾಯಿ ಜ್ವರದ ಮೇಲೆ ಅಷ್ಟು ಮೆಲ್ಲಗೆ ಕೈಯಿಟ್ಟವರು ಯಾರೂ ಇರಲಾರರು.

ಆಮೇಲೆ ನಾನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದೆ. ಮಾವ ಆ ವಿಷಯ ಎತ್ತಲಿಲ್ಲ. ಎರಡು ವರ್ಷಕ್ಕೆ ಹೋಗಿಯೂಬಿಟ್ಟರು. ಬೇರೆ ಯಾವಳೋ ಹೆಂಗಸಿನ ಬಟ್ಟೆಯನ್ನು ಅವರ ಕೈಗೆ ಕೊಟ್ಟು ಸಾಗಹಾಕಿದೆನೇ ಎಂಬ ಅಳುಕು ಮಾತ್ರ ನನ್ನಲ್ಲಿ ಉಳಿಯಿತು.

ಬಹಳ ಕಾಲದ ಮೇಲೆ ಹೋಗಿ ಆ ವರದಿಯನ್ನು ತರಿಸಿ ನೋಡಿದೆ. ಗೆರೆಗಳಿದ್ದವು; ಗೆರೆಗಳು ಏನನ್ನೂ ಸಾಬೀತು ಮಾಡುವುದಿಲ್ಲ. ಹಿಂಬದಿಗೆ, ಪುಸ್ತಕ ಕೇಳಿದವರು ತಾರೀಖು ಬರೆದು ರುಜು ಹಾಕುವ ಹಾಳೆ ಅಂಟಿಸಿತ್ತು. ಮೊದಲನೆಯದು ನನ್ನದು. ಅದರ ಕೆಳಗೆ, ಹಾಳೆಯ ತಳದವರೆಗೂ, ಸಾಲುಸಾಲಾಗಿ ತಮಿಳಿನಲ್ಲಿ ಮಾವನ ಹೆಸರೊಂದೇ. ಕೊನೆಯ ತಾರೀಖನ್ನು ಅವರ ಮರಣಪತ್ರದ ಪಕ್ಕದಲ್ಲಿಟ್ಟು ತಾಳೆ ನೋಡಿದ್ದೇನೆ: ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲು.